ಮಗಳ ಬೇಸ್ ಗಿಟಾರು, ಕಾಲಿನಡಿಯ ಡಬ್ಬಿಗಳು

ಕಳೆದ ವರ್ಷ ಮಗಳ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಐದು ಜನರ ವಾದ್ಯತಂಡ. ಇಬ್ಬರು ಗಿಟಾರು, ಒಬ್ಬ ಡ್ರಮ್ಮು, ಒಬ್ಬಳು ಹಾಡುವವಳು, ನಮ್ಮವಳದು ಬೇಸ್ ಗಿಟಾರು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಓರಗಿತ್ತಿ ಪ್ರೀತಿಯಿಂದಲೇ ಅವಳ ಬೆನ್ನು ಸವರಿ, "ಚೆನ್ನಾಗಿ ಬಾರಿಸಿದೆ ಕಣೇ, ಆದರೆ ನಿಂದು ಕೇಳಿಸಲೇ ಇಲ್ಲವಲ್ಲ!" ಅಂದರು. ಮಗಳು ನಕ್ಕಳು. ಆಟೋದಲ್ಲಿ ಮನೆಗೆ ಬರುವ ತನಕ ಒಂದು ಮಾತೂ ಆಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ಅಮ್ಮ, ನಂಗೆ ಪೆಡಲ್ ಬೇಕು" ಎಂದಳು.

ನನಗೆ ಪೆಡಲ್ ಎಂದರೆ ಹೊಲಿಗೆ ಯಂತ್ರದ್ದು, ಅದು ಬಿಟ್ಟರೆ ನಾಟಕ ಕಂಪನಿಯ ಕಾಲು ಹಾರ್ಮೋನಿಯಮ್ಮಿನದು. ಮಗಳು ಚಿತ್ರ ತೋರಿಸಿದಳು. ಸೋಪಿನ ಡಬ್ಬಿಗಿಂತ ತುಸು ದೊಡ್ಡದಾದ ಲೋಹದ ಪೆಟ್ಟಿಗೆ. ಮೇಲೆ ಎರಡೋ ಮೂರೋ ತಿರುಗಿಸುವ ಗುಂಡಿಗಳು, ಕೆಳಗೆ ಕಾಲಿನಲ್ಲಿ ಒತ್ತುವ ಸ್ವಿಚ್ಚು. ಗಿಟಾರಿನಿಂದ ಹೊರಟ ವಿದ್ಯುತ್ತಿನ ಅಲೆ ಆಂಪ್ಲಿಫೈಯರನ್ನು ಸೇರುವ ಮೊದಲು ಈ ಪೆಟ್ಟಿಗೆಯನ್ನು ಹೊಕ್ಕು, ರೂಪ ಬದಲಿಸಿಕೊಂಡು ಹೊರಬರುತ್ತದೆ. ಎರಡು ಕೈಗಳೂ ತಂತಿಯ ಮೇಲೆ ಇರುವುದರಿಂದ ಈ ಕೆಲಸ ಕಾಲಿನ ಪಾಲಿಗೆ ಬಂದಿದೆ. ಒಂದೊಂದು ಪೆಟ್ಟಿಗೆಗೆ ಒಂದೊಂದು ಗುಣ. ಒಂದು ನಾದವನ್ನು ಒರಟಾಗಿಸುತ್ತದೆ, ಒಂದು ಹರಡುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ಮಗಳ ಪಟ್ಟಿಯಲ್ಲಿ ಇಂಥವು ಏಳು ಇದ್ದವು.

ನಾನು ಎಂಟು ವರ್ಷ ವೀಣೆ ಕಲಿತವಳು. ಆಗೀಗ ಊರಿನ ಪತ್ರಿಕೆಗೆ ಕಚೇರಿಗಳ ವಿಮರ್ಶೆ ಬರೆಯುವವಳು. ಅಷ್ಟೇ ಅರ್ಹತೆಯ ಮೇಲೆ ಮಗಳು ನನ್ನನ್ನು ತೀರ್ಪುಗಾರಳನ್ನಾಗಿ ಮಾಡಿದಳು. ದುಡ್ಡು ಅವಳದೇ. ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ನಮ್ಮ ದುಡ್ಡಾದರೆ ಬೈದು ಮರೆತುಬಿಡಬಹುದು.

ಆದರೂ ಮೊದಲ ಖರೀದಿಯಲ್ಲೇ ಎಡವಿದೆವು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಡಿಸ್ಟಾರ್ಷನ್ ಪೆಡಲ್ ಜೋಡಿಸಿ ಕೊಟ್ಟ. ಮಗಳು ಒಂದು ಸ್ವರ ಮೀಟಿದಳು. ಸಿಂಹ ಗರ್ಜಿಸಿದಂತಾಯಿತು. ಗಾಜಿನ ಬಾಗಿಲು ಅದುರಿತು. "ಇನ್ನು ದೊಡ್ಡಮ್ಮನಿಗೆ ಕೇಳಿಸದೆ ಹೋಗಲಿ ನೋಡೋಣ" ಎಂದು ನಗುತ್ತಾ 3,500 ರೂಪಾಯಿ ಎಣಿಸಿದಳು. ಮುಂದಿನ ವಾರದ ಅಭ್ಯಾಸದಲ್ಲಿ ಐದೂ ಜನ ಕೂಡಿ ನುಡಿಸಿದಾಗ ಸಿಂಹ ಎಲ್ಲೋ ಅಡಗಿಬಿಟ್ಟಿತು. ಉಳಿದದ್ದು ಜೇನುನೊಣದ ಗುಂಯ್‌ಗುಟ್ಟುವಿಕೆ. ಡ್ರಮ್ ಬಾರಿಸುವ ಹುಡುಗ, "ಬೇಸ್ ಆಫ್ ಮಾಡಿದ್ದೀಯಾ?" ಎಂದು ಕೇಳಿದನಂತೆ. ಮಾರಿದ ಸಾಮಾನನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಬಿಲ್ಲಿನ ಕೆಳಗೆ ಅಚ್ಚಾಗಿತ್ತು.

ಏನಾಯಿತೆಂದು ತಿಳಿಯಲು ನಾನೂ ಅವಳೂ ಒಂದಷ್ಟು ಓದಿದೆವು. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ ಅದರಲ್ಲಿ ಅರ್ಧ, ಅಂದರೆ ಸುಮಾರು 41 ಸಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಡಿಸ್ಟಾರ್ಷನ್ ಪೆಡಲ್ ಅಲೆಯ ಏರಿಳಿತಗಳ ತುದಿಯನ್ನು ಕತ್ತರಿಸುತ್ತದೆ; ಹಾಗೆ ಕತ್ತರಿಸಿದಾಗ ಮೂಲಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟಿ ನಾದ ಒರಟಾಗುತ್ತದೆ. ತಗ್ಗಿನ ಸ್ವರಗಳನ್ನು ಹೀಗೆ ಕತ್ತರಿಸಿದರೆ ಎಲ್ಲವೂ ರಾಡಿಯಾಗುವುದರಿಂದ ಗಿಟಾರಿಗಾಗಿ ಮಾಡಿದ ಪೆಡಲುಗಳಲ್ಲಿ ಬಹಳಷ್ಟು ತಗ್ಗನ್ನು ಮೊದಲೇ ಸೋಸಿ ತೆಗೆಯುತ್ತವೆ. ಗಿಟಾರಿಗೆ ಅದರಿಂದ ನಷ್ಟವಿಲ್ಲ. ಬೇಸ್‌ಗೆ ಮಾತ್ರ ಅದರ ಜೀವವೇ ಸೋಸಿಹೋಗುತ್ತದೆ. ಅಂಗಡಿಯಲ್ಲಿ ಒಂಟಿಯಾಗಿ ನುಡಿಸಿದಾಗ ಆ ನಷ್ಟ ಕಿವಿಗೆ ಬೀಳಲಿಲ್ಲ. ತಂಡದಲ್ಲಿ ಉಳಿದವರ ನಾದ ಮೇಲೆ ಬಿದ್ದಾಗ, ಬುಡವಿಲ್ಲದ್ದು ಗಾಳಿಗೆ ಹಾರಿಹೋಯಿತು.

ಇಲ್ಲಿ ನನ್ನ ಮೊದಲ ಆಕ್ಷೇಪಣೆಯನ್ನು ಹೇಳಿಬಿಡುತ್ತೇನೆ. ಈ ಪೆಡಲುಗಳ ಬಗ್ಗೆ ಸಿಗುವ ಹೊಗಳಿಕೆಯೆಲ್ಲ ಒಂಟಿ ನಾದದ ಹೊಗಳಿಕೆ. ಮುಚ್ಚಿದ ಕೋಣೆಯಲ್ಲಿ ಒಬ್ಬ ಕುಳಿತು ನುಡಿಸುತ್ತಾನೆ. ಬೆಚ್ಚನೆಯ ನಾದ, ಮೈತುಂಬಿದ ನಾದ, ಬೆಣ್ಣೆಯಂಥ ನಾದ ಎನ್ನುತ್ತಾನೆ. ಸೀರೆ ಅಂಗಡಿಯವರು ದೀಪದಡಿ ಸೆರಗು ಹರಡಿ ಆಡುವ ಮಾತಿನ ಹಾಗೆಯೇ ಇದು. ಬೇಸ್ ಗಿಟಾರು ಒಂಟಿಯಾಗಿ ಕೇಳುವ ವಾದ್ಯವಾಗುವುದು ಅಪರೂಪ. ಅದರ ನಾದದ ಗುಣವನ್ನು ಉಳಿದ ವಾದ್ಯಗಳ ನಡುವೆ ಇಟ್ಟು ಕೇಳದ ಹೊರತು ಒಳ್ಳೆಯದು ಕೆಟ್ಟದ್ದು ಎಂದು ಹೇಳುವುದಕ್ಕೇ ಬರುವುದಿಲ್ಲ.

ಹೀಗಂದ ಮೇಲೆ ನಾನು ಮೊದಲು ಕೇಳಬೇಕಲ್ಲ? ಮಗಳು ತನ್ನ ದೊಡ್ಡ ಹೆಡ್‌ಫೋನನ್ನು ನನ್ನ ಕಿವಿಗೆ ಏರಿಸಿ, 1981ರ 'ಗೀತಾ' ಚಿತ್ರದ ಹಾಡು ಹಾಕಿದಳು. ಶಂಕರ್ ನಾಗ್ ಚಿತ್ರ, ಇಳಯರಾಜಾ ಸಂಗೀತ. ನಮ್ಮ ವಯಸ್ಸಿನ ಯಾರಿಗೆ ಗೊತ್ತಿಲ್ಲ? ರೇಡಿಯೊದಲ್ಲಿ ಕೇಳುತ್ತಲೇ ಬೆಳೆದದ್ದು. ಆದರೆ ಅಂದು ಹಾಡುವ ದನಿಯ ಕೆಳಗೆ ಇನ್ನೊಂದು ರಾಗಮಾಲೆ ನಡೆಯುತ್ತಿರುವುದನ್ನು ಮೊದಲ ಸಲ ಕೇಳಿದೆ. ದನಿ ನಿಂತಾಗ ಅದು ನಡೆಯುತ್ತದೆ, ದನಿ ಏರಿದಾಗ ಅದು ಇಳಿಯುತ್ತದೆ. ಇಷ್ಟು ವರ್ಷ ಈ ಹಾಡಿಗೆ ತಲೆದೂಗಿದ್ದೆನಲ್ಲ, ನನ್ನ ತಲೆಯನ್ನು ತೂಗಿಸುತ್ತಿದ್ದದ್ದು ಇದೇ ಇರಬೇಕು ಅನ್ನಿಸಿತು. ಮನೆಯ ಚಿಕ್ಕ ರೇಡಿಯೊದ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿಯೇ ಇರಲಿಲ್ಲ. ಈಗಿನ ಮೊಬೈಲಿಗೂ ಇಲ್ಲ. ಉಪಸ್ವರಗಳಷ್ಟೇ ನಮ್ಮನ್ನು ತಲಪುತ್ತವೆ. ಉಳಿದುದನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ಅಲ್ಲಿಂದ ಮುಂದೆ ಮಗಳು ನನಗೆ ಬೇರೆ ಬೇರೆ ಹಾಡು ಕೇಳಿಸುತ್ತಾ ಹೋದಳು, ನಾನು ಅವುಗಳ ಕಥೆ ಹುಡುಕುತ್ತಾ ಹೋದೆ. ಅದರಲ್ಲಿ ಒಂದು ಕಥೆ ನನ್ನ ಮನಸ್ಸಿನಲ್ಲಿ ನಿಂತಿದೆ. ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ 1960ರಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಧ್ವನಿಮುದ್ರಣ ನಡೆಯುತ್ತಿತ್ತು. ಗ್ರೇಡಿ ಮಾರ್ಟಿನ್ ಎಂಬಾತ ಆರು ತಂತಿಯ ಬೇಸ್ ಗಿಟಾರು ನುಡಿಸುತ್ತಿದ್ದಾಗ ಮುದ್ರಣ ಯಂತ್ರದ ಒಂದು ಭಾಗ ಕೆಟ್ಟು, ನಾದವೆಲ್ಲ ಗರಗರ ಎಂದಿತು. ತಪ್ಪನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಹಾಡು 1961ರಲ್ಲಿ ಹೊರಬಂದು ಜನಪ್ರಿಯವಾಯಿತು. ಆ ಗರಗರವನ್ನೇ ಬೇಕಾದಾಗ ಹುಟ್ಟಿಸುವ ಪೆಟ್ಟಿಗೆಯನ್ನು ಆ ಮುದ್ರಣದ ತಂತ್ರಜ್ಞ ಗ್ಲೆನ್ ಸ್ನಾಡಿ ಸಂಗಡಿಗನೊಬ್ಬನ ಜೊತೆ ಸೇರಿ ರೂಪಿಸಿದ. ಅದು 1962ರಲ್ಲಿ 'ಮ್ಯಾಸ್ಟ್ರೊ ಫಜ್ ಟೋನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಒಂದು ಹಾಡಿನಲ್ಲಿ ಬಳಸುವ ತನಕ ಅದನ್ನು ಹೆಚ್ಚು ಜನ ಕೇಳಲಿಲ್ಲ. ಕೆಟ್ಟ ಯಂತ್ರದಿಂದ ಹುಟ್ಟಿದ್ದನ್ನು ನಾವು ಹೀಗಳೆಯಬೇಕಿಲ್ಲ. ಒಂದು ತಪ್ಪು ಹಾಡಿಗೆ ಒಪ್ಪುತ್ತದೆಂದು ಗುರುತಿಸಿದ ಕಿವಿ ಅಲ್ಲಿತ್ತು. ಪೆಟ್ಟಿಗೆ ಆಮೇಲೆ ಬಂದದ್ದು.

ಅದೇ 1965ರ ಕೊನೆಯಲ್ಲಿ ಬೀಟಲ್ಸ್ ತಂಡದ 'ರಬ್ಬರ್ ಸೋಲ್' ಬಂತು. ಅದರಲ್ಲಿ ಜಾರ್ಜ್ ಹ್ಯಾರಿಸನ್ ಬರೆದ 'ಥಿಂಕ್ ಫಾರ್ ಯುವರ್‌ಸೆಲ್ಫ್' ಹಾಡಿಗೆ ಪಾಲ್ ಮೆಕಾರ್ಟ್ನಿ ಎರಡು ಸಲ ಬೇಸ್ ನುಡಿಸಿದ್ದಾರೆ. ಒಂದು ಸಾದಾ ನಾದ, ಇನ್ನೊಂದು ಫಜ್ ಹಾಕಿದ ಒರಟು ನಾದ. ಎರಡೂ ಒಟ್ಟಿಗೆ ಕೇಳುತ್ತವೆ. ಸಾದಾ ನಾದ ಭಾರ ಹೊರುತ್ತದೆ, ಒರಟು ನಾದ ಮಾತನಾಡುತ್ತದೆ. ನಮ್ಮ 3,500 ರೂಪಾಯಿಯ ತಪ್ಪು ನನಗೆ ಸರಿಯಾಗಿ ಅರ್ಥವಾದದ್ದು ಇದನ್ನು ಕೇಳಿದಾಗ. ಬೇಸ್‌ಗಾಗಿಯೇ ಮಾಡಿದ ಡ್ರೈವ್ ಪೆಡಲುಗಳಲ್ಲಿ 'ಬ್ಲೆಂಡ್' ಎಂಬ ಗುಂಡಿ ಇರುತ್ತದೆ. ಸಾದಾ ನಾದವೆಷ್ಟು, ಒರಟು ನಾದವೆಷ್ಟು ಎಂದು ಬೆರೆಸಿಕೊಳ್ಳುವುದಕ್ಕೆ. ಬೀಟಲ್ಸ್ ತಂಡ ಎರಡು ಸಲ ನುಡಿಸಿ ಪಡೆದದ್ದನ್ನು ಆ ಒಂದು ಗುಂಡಿ ಕೊಡುತ್ತದೆ. ಹೊಸದಾಗಿ ಕಲಿಯುವವರು ಡ್ರೈವ್ ಕೊಳ್ಳುವುದಾದರೆ ಈ ಗುಂಡಿ ಇಲ್ಲದ್ದನ್ನು ಮುಟ್ಟದಿರುವುದು ಲೇಸು. ಹಿತಮಿತವಾಗಿ ಬೆರೆಸಿದ ಒರಟುತನದಿಂದ ಹುಟ್ಟುವ ಉಪಸ್ವರಗಳು ಚಿಕ್ಕ ಸ್ಪೀಕರಿನಲ್ಲೂ, ನಮ್ಮ ಊರಿನ ಶಾಮಿಯಾನದ ಮೈಕಿನಲ್ಲೂ ಬೇಸ್ ಇದೆಯೆಂದು ತಿಳಿಸುತ್ತವೆ. ಮಗಳ ಆಸೆ ಪೂರ್ತಿ ಹುಚ್ಚೇನಲ್ಲವೆಂದು ನಾನು ಒಪ್ಪಿಕೊಂಡದ್ದು ಆಗ.

ಬೂಟ್ಸಿ ಕಾಲಿನ್ಸ್ ಎಂಬ ಬೇಸ್ ವಾದಕ ನನಗೆ ಇನ್ನೊಂದು ಪಾಠ ಹೇಳಿದರು. 1970ರಲ್ಲಿ ಜೇಮ್ಸ್ ಬ್ರೌನ್ ತಂಡದಲ್ಲಿ ಅವರು ನುಡಿಸಿದ್ದು ಬರಿಯ ಸಾದಾ ನಾದ. ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಬೀಳಬೇಕೆಂಬುದು ಬ್ರೌನ್ ಅವರ ಕಟ್ಟುನಿಟ್ಟು, ನಮ್ಮ ಗುರುಗಳು ಸಮಕ್ಕೆ ಬರದಿದ್ದರೆ ಸಿಡುಕುತ್ತಿದ್ದ ಹಾಗೆ. ಅಷ್ಟು ಪಳಗಿದ ಮೇಲೆ, 1976ರಿಂದ ತಮ್ಮದೇ ತಂಡ ಕಟ್ಟಿ 'ಮ್ಯೂಟ್ರಾನ್' ಎಂಬ ಪೆಡಲ್ ಬಳಸಿದರು. ಬೆರಳು ಜೋರಾಗಿ ಮೀಟಿದರೆ ನಾದ ಬಾಯಿ ತೆರೆಯುತ್ತದೆ, ಮೆಲ್ಲಗೆ ಮೀಟಿದರೆ ಮುಚ್ಚಿಕೊಳ್ಳುತ್ತದೆ. 'ವಾವ್ ವಾವ್' ಎಂದು ಮಾತಾಡಿದಂತೆ ಕೇಳುತ್ತದೆ. ಮೊದಲು ಕೇಳಿದಾಗ ನಕ್ಕುಬಿಟ್ಟೆ. ಎರಡನೆಯ ಸಲ ನಮ್ಮ ಮೋರ್ಸಿಂಗ್ ನೆನಪಾಯಿತು. ಮೋರ್ಸಿಂಗ್ ನುಡಿಸುವವರು ಬಾಯಿಯ ಆಕಾರ ಬದಲಿಸಿ ಒಂದೇ ಸ್ವರದಿಂದ ಎಷ್ಟೊಂದು ಉಪಸ್ವರಗಳನ್ನು ಹೆಕ್ಕುತ್ತಾರೆ! ತತ್ವ ಅದೇ. ಈ ಪೆಡಲಿನ ಗುಟ್ಟು ಬೆರಳಿನ ಬಲದಲ್ಲಿದೆ. ಬೆರಳು ಹದವಾಗಿರದವರ ಕೈಯಲ್ಲಿ ಅದು ಬಿಕ್ಕಳಿಸುತ್ತದೆ. ನನ್ನ ಮಗಳ ಕೈಯಲ್ಲಿ ಬಿಕ್ಕಳಿಸಿತು. ಗೆಳೆಯನಿಂದ ಎರಡು ದಿನಕ್ಕೆ ತಂದಿದ್ದ ಅಂಥದೇ ಒಂದು ಪೆಡಲನ್ನು ತಾನೇ ಹಿಂದಕ್ಕೆ ಕೊಟ್ಟುಬಂದಳು.

ಇನ್ನು ಪೆಡಲ್ ಮುಟ್ಟದೆಯೇ ದೊಡ್ಡವರಾದವರ ಮಾತು. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳಿನಿಂದ ಮೀಟುತ್ತಿದ್ದರು. ಹಳೆಯ ತಂತಿಗಳನ್ನು ಬದಲಿಸುತ್ತಿರಲಿಲ್ಲ. ತಂತಿಯ ಬುಡದಲ್ಲಿ ಸ್ಪಂಜಿನ ತುಂಡು ಸಿಕ್ಕಿಸಿರುತ್ತಿತ್ತು. ಕ್ಯಾಲಿಫೋರ್ನಿಯದ ಕ್ಯಾರಲ್ ಕೇ ಹೆಂಗಸು, ಮಕ್ಕಳ ತಾಯಿ, ಗಿಟಾರು ನುಡಿಸಿ ಸಂಸಾರ ಸಾಗಿಸುತ್ತಿದ್ದವರು. 1963ರಲ್ಲಿ ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕ ಬಾರದೆ ಹೋದಾಗ ಆತನ ಜಾಗದಲ್ಲಿ ಕುಳಿತವರು, ಮುಂದೆ ಆ ವಾದ್ಯದಲ್ಲೇ ಹೆಸರಾದರು. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್'ನಲ್ಲಿ ಅವರ ಬೇಸ್ ಇದೆ. ಅವರೂ ತಂತಿಯ ಮೇಲೆ ಉಣ್ಣೆಬಟ್ಟೆಯ ಒಂದು ಪಟ್ಟಿ ಮಡಿಸಿ ಇಟ್ಟುಕೊಳ್ಳುತ್ತಿದ್ದರು, ನಾದ ಎಳೆಯದೆ ಚೊಕ್ಕವಾಗಿ ನಿಲ್ಲಲೆಂದು.

ಈ ಬಟ್ಟೆಯ ತುಂಡಿನ ವಿಷಯ ಓದಿದಾಗ ನನಗೆ ನಮ್ಮ ತಂಬೂರಿ ನೆನಪಾಗದೆ ಇರಲಿಲ್ಲ. ತಂತಿಗೂ ಕುದುರೆಗೂ ನಡುವೆ ಹತ್ತಿಯ ದಾರದ ಒಂದು ಎಳೆ ಇಡುತ್ತೇವೆ, ಜೀವಾಳ ಎನ್ನುತ್ತೇವೆ. ದಾರ ಕೂದಲೆಳೆಯಷ್ಟು ಸರಿದರೂ ನಾದ ಸತ್ತುಹೋಗುತ್ತದೆ, ಸರಿಯಾದ ಜಾಗಕ್ಕೆ ಬಂದರೆ ಇಡೀ ಕೋಣೆ ತುಂಬಿಕೊಳ್ಳುತ್ತದೆ. ಅವರದು ಉಪಸ್ವರಗಳನ್ನು ಅಡಗಿಸುವ ಬಟ್ಟೆ, ನಮ್ಮದು ಅವನ್ನು ಅರಳಿಸುವ ದಾರ. ಎರಡಕ್ಕೂ ವಿದ್ಯುತ್ತು ಬೇಡ, ಬೆಲೆಯೂ ಇಲ್ಲ. ಯಾವ ಸ್ವರಕ್ಕೆ ಏನು ಬೇಕೆಂದು ತಿಳಿದ ಕಿವಿ ಮಾತ್ರ ಬೇಕು.

ತಂಬೂರಿಯ ಮಾತು ಬಂದದ್ದರಿಂದ ನನ್ನದೊಂದು ಹಳೆಯ ನೋವನ್ನೂ ಹೇಳಬೇಕು. ಹುಡುಗಿಯಾಗಿದ್ದಾಗ ಗುರುಗಳ ಕಚೇರಿಗಳಲ್ಲಿ ಹಿಂದೆ ಕುಳಿತು ಮೂರು ಮೂರು ಗಂಟೆ ತಂಬೂರಿ ಮೀಟಿದ್ದೇನೆ. ಮರುದಿನದ ಪತ್ರಿಕೆಯಲ್ಲಿ ಪಿಟೀಲು, ಮೃದಂಗ, ಘಟ ಎಲ್ಲರ ಹೆಸರೂ ಇರುತ್ತಿತ್ತು. ನಮ್ಮಮ್ಮ ಮಾತ್ರ ಪತ್ರಿಕೆಯನ್ನು ಎರಡು ಸಲ ಓದುತ್ತಿದ್ದರು, ನನ್ನ ಹೆಸರು ಎಲ್ಲಾದರೂ ಇದೆಯೇನೋ ಎಂದು. ಹಾಗಾಗಿ "ಕೇಳಿಸಲೇ ಇಲ್ಲ" ಎಂಬ ಮಾತು ಮಗಳಿಗೆ ಎಲ್ಲಿ ತಾಗಿತೆಂದು ನನಗೆ ಗೊತ್ತು. ಜೇಮರ್ಸನ್ ಹೆಸರೂ ವರ್ಷಗಟ್ಟಲೆ ತಟ್ಟೆಗಳ ಮೇಲೆ ಅಚ್ಚಾಗಲಿಲ್ಲ. ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ. ಕ್ಯಾರಲ್ ಕೇ ಅವರಿಗೆ 2025ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂತು. ಸ್ಟುಡಿಯೊ ಕಲಾವಿದರ ಕೆಲಸವನ್ನು ಅದು ಬಿಂಬಿಸುವುದಿಲ್ಲವೆಂದು ಅದನ್ನು ಒಲ್ಲೆನೆಂದರು. ತಂಬೂರಿಯೂ ಬೇಸ್ ಗಿಟಾರೂ ಮನೆಯ ಹೆಂಗಸಿನಂತೆ, ಕಾಣದೆ ಭಾರ ಹೊರುತ್ತವೆ ಎಂದು ಬರೆದು ಕಣ್ಣೊರೆಸಿಕೊಳ್ಳುವುದು ಸುಲಭ. ಆ ಹೋಲಿಕೆ ನನಗೆ ಬೇಡ. ಕೇಳಿಸಬೇಕೆಂಬ ಆಸೆ ನ್ಯಾಯವಾದದ್ದು. ಆದರೆ ಹೆಸರು ಅಚ್ಚು ಹಾಕದವರ ತಪ್ಪನ್ನು ಪೆಡಲ್ ಸರಿಮಾಡಲಾರದು. ನಾದ ತಲಪದಿದ್ದರೆ ಅದಕ್ಕೆ ಉಪಾಯ ನಾದದಲ್ಲಿದೆ. ಕೇಳುವವರಿಗೆ ಕಿವಿಯಿಲ್ಲದಿದ್ದರೆ ಅದಕ್ಕೆ ಉಪಾಯ ಬೇರೆ. ಎರಡನ್ನೂ ಕಲಸಿಕೊಂಡು ನಾವು ದುಡ್ಡು ಕಳೆದುಕೊಂಡೆವು.

ನಿಮ್ಮ ಮನೆಯಲ್ಲೂ ಇಂಥ ಪಟ್ಟಿ ಹಿಡಿದ ಮಗಳೋ ಮಗನೋ ಇರಬಹುದು. ನೀವೇ ಐವತ್ತಕ್ಕೆ ಗಿಟಾರು ಹಿಡಿದಿರಲೂಬಹುದು. ಅಂಥವರಿಗಾಗಿ ನಾವು ತಲಪಿದ ತೀರ್ಮಾನ ಇಷ್ಟು. ಮೊದಲ ಆರು ತಿಂಗಳು ಏನೂ ಕೊಳ್ಳಬೇಡಿ. ತಂತಿಯ ಬುಡದಲ್ಲಿ ಬಟ್ಟೆ ಇಟ್ಟು ನೋಡಿ. ಮೀಟುವ ಕೈಯನ್ನು ಕುದುರೆಯ ಹತ್ತಿರಕ್ಕೂ ಕತ್ತಿನ ಹತ್ತಿರಕ್ಕೂ ಸರಿಸಿ ನೋಡಿ. ವಾದ್ಯದ ಮೇಲಿನ ಟೋನ್ ಗುಂಡಿಯನ್ನು ಪೂರ್ತಿ ತಿರುಗಿಸಿ ನೋಡಿ. ಇಷ್ಟರಲ್ಲೇ ನಾಲ್ಕಾರು ಬಣ್ಣ ಸಿಗುತ್ತವೆ. ಮೊದಲು ಕೊಳ್ಳಬೇಕಾದದ್ದು ಶ್ರುತಿ ತೋರಿಸುವ ಟ್ಯೂನರ್ ಪೆಡಲ್. ಗದ್ದಲದ ವೇದಿಕೆಯಲ್ಲಿ ಸದ್ದಿಲ್ಲದೆ ಶ್ರುತಿ ಮಾಡಿಕೊಳ್ಳಬಹುದು. ಶ್ರುತಿ ಕೆಟ್ಟ ನಾದಕ್ಕೆ ಯಾವ ಅಲಂಕಾರವೂ ನಿಲ್ಲದು. ಎರಡನೆಯದು ಬ್ಲೆಂಡ್ ಇರುವ ಡ್ರೈವ್ ಅಥವಾ ಬೇಸ್‌ಗಾಗಿಯೇ ಮಾಡಿದ ಪ್ರೀಆಂಪ್. ಕಂಪ್ರೆಸರ್ ಎಂಬುದು ಜೋರಾದ ಸ್ವರವನ್ನು ತಗ್ಗಿಸಿ, ಮೆತ್ತನೆಯದನ್ನು ಎತ್ತಿ ಸಮ ಮಾಡುತ್ತದೆ. ಸೀರೆಗೆ ಇಸ್ತ್ರಿ ಹಾಕಿದ ಹಾಗೆ. ವೇದಿಕೆಗೆ ಒಳ್ಳೆಯದು. ಅಭ್ಯಾಸದಲ್ಲಿ ಬಳಸಿದರೆ ಬೆರಳಿನ ಸುಕ್ಕು ನಿಮಗೇ ಕಾಣದೆ ಹೋಗುತ್ತದೆ. ಆಕ್ಟೇವ್, ಫಿಲ್ಟರ್, ಕೋರಸ್ ಇವೆಲ್ಲ ಒಂದು ಹಾಡು ಕೇಳಿದಾಗ ಕೊಳ್ಳುವಂಥವು. ಆ ಹಾಡು ಯಾವುದೆಂದು ಹೆಸರಿಸಲು ಬಾರದಿದ್ದರೆ ಇನ್ನೂ ಸಮಯ ಬಂದಿಲ್ಲವೆಂದೇ ಅರ್ಥ. ಕೊಳ್ಳುವಾಗ ನಿಮ್ಮದೇ ವಾದ್ಯ ಒಯ್ಯಿರಿ. ಸಾಧ್ಯವಾದರೆ ತಂಡದ ಅಭ್ಯಾಸಕ್ಕೆ ಒಂದು ದಿನ ಎರವಲು ಕೇಳಿ. ಬಹುಪಾಲು ಪೆಡಲುಗಳಿಗೆ 9 ವೋಲ್ಟಿನ ಅಡಾಪ್ಟರ್ ಬೇಕು, ಅದರ ನಡುವಿನ ತುದಿ ಋಣ ಇರಬೇಕು. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಚುಚ್ಚಿದರೆ ಪೆಟ್ಟಿಗೆಯೇ ಸುಟ್ಟುಹೋದೀತು.

ಈ ವರ್ಷದ ವಾರ್ಷಿಕೋತ್ಸವದಲ್ಲಿ ಮಗಳ ಕಾಲಿನಡಿ ಎರಡೇ ಪೆಟ್ಟಿಗೆಗಳಿದ್ದವು. ಟ್ಯೂನರ್ ಒಂದು, ಬ್ಲೆಂಡ್ ಗುಂಡಿಯ ಡ್ರೈವ್ ಒಂದು. ಒಂದು ಹಾಡಿನ ನಡುವೆ ಎಲ್ಲರೂ ಮಾತಾಡಿಕೊಂಡಂತೆ ಅವಳು ನಾಲ್ಕು ಆವರ್ತ ಕೈ ಎತ್ತಿ ಸುಮ್ಮನೆ ನಿಂತಳು. ಮತ್ತೆ ಸೇರಿಕೊಂಡಾಗ ಕಾಲಡಿಯ ಹಲಗೆ ಸಣ್ಣಗೆ ನಡುಗಿತು. ಓರಗಿತ್ತಿ ನನ್ನ ಕಡೆ ತಿರುಗಿ, "ಇದು ಇವಳದಾ?" ಎಂದು ಕೇಳಿದರು. ಹೌದೆಂದೆ.

ಈಗ ನಮ್ಮಿಬ್ಬರಿಗೆ ಕೋರಸ್ ಪೆಡಲಿನ ಬಗ್ಗೆ ಜಗಳ. ಬೇಸ್‌ಗೆ ಕೋರಸ್ ಹಾಕಿದರೆ ನೀರಿನಲ್ಲಿ ಅದ್ದಿದ ಹಾಗೆ ಕೇಳುತ್ತದೆಂದು ನನ್ನ ವಾದ. ಅದೇ ಚೆಂದ ಎಂದು ಅವಳದು. ಯಾವ ಹಾಡಿಗೆ ಎಂದು ಕೇಳಿದ್ದೇನೆ. ನಾಳೆ ಕೇಳಿಸುತ್ತೇನೆ ಎಂದಿದ್ದಾಳೆ.